ಹೊಸ ವಿಂಡೋಸ್‌ಗೆ ಹೋಗುವ ಮುನ್ನ: 43 ಫೈಲು, 86 ಕೆಬಿ

(ಮನೆಯಲ್ಲಿ ಕಂಪ್ಯೂಟರ್ ಬಳಸುವವರ ಮುಂದೆ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಪೆನ್ ಡ್ರೈವ್ ನೋಡಿ. ಇದನ್ನು ಲ್ಯಾಪ್‌ಟಾಪ್‌ಗೆ ಹಾಕುತ್ತೇನೆ, ಪರದೆ ಮೇಲೆ ಕಾಣುತ್ತದೆ. "ಬ್ಯಾಕಪ್" ಅಂತ ಒಂದು ಫೋಲ್ಡರ್ ಇದೆ. ಒಳಗೆ 43 ಫೈಲುಗಳು. ಹೆಸರು ಓದಿ: ಮದುವೆ ಫೋಟೋ, ಸಾಲದ ಕಾಗದ, ಅಪ್ಪನ ಸ್ಕ್ಯಾನ್ ರಿಪೋರ್ಟ್, ಪ್ರಾಜೆಕ್ಟ್ ಫೈನಲ್, ಪ್ರಾಜೆಕ್ಟ್ ಫೈನಲ್ ಹೊಸದು. ಎಲ್ಲಾ ಇದೆ ಅನ್ನಿಸುತ್ತದೆ, ಅಲ್ವಾ? ಈಗ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆಯುತ್ತೇನೆ. ಒಟ್ಟು ಗಾತ್ರ 86 ಕೆಬಿ.

ಫೋನಿನಲ್ಲಿ ತೆಗೆದ ಒಂದು ಫೋಟೋನೇ 3-4 ಎಂಬಿ ಇರುತ್ತದೆ. ಇಡೀ ಮದುವೆ ಆಲ್ಬಮ್ 86 ಕೆಬಿಯಲ್ಲಿ ಹೇಗೆ ಹಿಡಿಯಿತು?

ಹಿಡಿದಿಲ್ಲ. ಇವೆಲ್ಲ ಶಾರ್ಟ್‌ಕಟ್‌ಗಳು. ಐಕಾನ್‌ನ ಎಡಗಡೆ ಕೆಳಮೂಲೆಯಲ್ಲಿ ಪುಟ್ಟ ಬಾಣ ಕಾಣುತ್ತಿದೆಯಲ್ಲ, ಅದೇ ಗುರುತು. ಶಾರ್ಟ್‌ಕಟ್ ಅಂದರೆ ಫೈಲ್ ಅಲ್ಲ, ಫೈಲ್ ಎಲ್ಲಿದೆ ಎಂದು ಬರೆದಿಟ್ಟ ಚೀಟಿ. ಇಲ್ಲಿ ಒಂದೊಂದು ಚೀಟಿ 2 ಕೆಬಿ. 43 ಚೀಟಿಗೆ 86 ಕೆಬಿ. ಲೆಕ್ಕ ಸರಿಯಾಗಿದೆ, ಫೋಟೋ ಮಾತ್ರ ಇಲ್ಲ.

ಇದು ನನ್ನ ಅಕ್ಕನ ಪೆನ್ ಡ್ರೈವ್. ಕೆಲವು ವರ್ಷದ ಹಿಂದೆ ಅವಳ ಕಂಪ್ಯೂಟರ್‌ಗೆ ಹೊಸ ವಿಂಡೋಸ್ ಹಾಕಲು ನಾನೇ ಕೂತಿದ್ದೆ. "ಎಲ್ಲಾ ಕಾಪಿ ಮಾಡಿದ್ದೀಯಾ ಅಕ್ಕಾ?" ಅಂದೆ. "ಡೆಸ್ಕ್‌ಟಾಪ್ ಮೇಲಿದ್ದದ್ದೆಲ್ಲಾ ಹಾಕಿದ್ದೀನಿ ಕಣೋ, ನೀನು ಶುರು ಮಾಡು" ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಒಂದು ಫೈಲನ್ನಾದರೂ ತೆರೆದು ನೋಡಬಹುದಿತ್ತು, ನೋಡಲಿಲ್ಲ. ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಸಂಜೆ ಅವಳು ಮದುವೆ ಫೋಟೋ ಮೇಲೆ ಡಬಲ್ ಕ್ಲಿಕ್ ಮಾಡಿದಳು.

ಹಳೇ ಕಾಲದ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಅಷ್ಟಿಷ್ಟು ಆಸೆ ಇರುತ್ತಿತ್ತು. ಅದರಲ್ಲಿ ಅಳಿಸಿದ ಫೈಲಿನ ಮೇಲೆ ಬೇರೆ ಏನಾದರೂ ಬರೆಯುವ ತನಕ ಹಳೇ ಅಂಶ ಅಲ್ಲೇ ಬಿದ್ದಿರುತ್ತದೆ. ರಿಕವರಿ ಸಾಫ್ಟ್‌ವೇರ್ ಅದನ್ನು ಹೆಕ್ಕಬಹುದು. ಅಕ್ಕನ ಕಂಪ್ಯೂಟರ್‌ನಲ್ಲಿ ಇದ್ದದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವೇ ಇಲ್ಲದ, ಚಿಪ್‌ಗಳ ಡಿಸ್ಕ್. ಅದರಲ್ಲಿ ಟ್ರಿಮ್ ಎಂಬ ಏರ್ಪಾಡಿದೆ. "ಈ ಜಾಗ ಇನ್ನು ಬೇಕಿಲ್ಲ" ಎಂದು ಆಪರೇಟಿಂಗ್ ಸಿಸ್ಟಂ ಡಿಸ್ಕ್‌ಗೆ ತಿಳಿಸುತ್ತದೆ. ಡಿಸ್ಕ್ ತನ್ನ ಪಾಡಿಗೆ ಅದನ್ನು ಒಳಗೊಳಗೇ ಗುಡಿಸಿ ಹಾಕುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್ ತಂದರೂ ಸೊನ್ನೆಗಳೇ ಸಿಗುವುದು. ಮದುವೆ ಫೋಟೋ ಒಂದಷ್ಟು ನೆಂಟರ ಫೋನುಗಳಿಂದ ಒಟ್ಟಾಯಿತು. ಉಳಿದದ್ದು ಹೋಯಿತು.

ಅದಕ್ಕೇ ಇವತ್ತಿನ ಮಾತಿನಲ್ಲಿ ಮುಕ್ಕಾಲು ಪಾಲು ಈ ಪೆನ್ ಡ್ರೈವ್ ಸುತ್ತಲೇ ಇರುತ್ತದೆ. ಅಪ್‌ಗ್ರೇಡ್ ಮಾಡುವುದು ಹೇಗೆ ಎಂದು ಕಂಪ್ಯೂಟರೇ ತೋರಿಸಿಕೊಡುತ್ತದೆ. ನೆಕ್ಸ್ಟ್, ನೆಕ್ಸ್ಟ್ ಒತ್ತಿದರೆ ಆಯಿತು. ಕೆಟ್ಟರೆ ವಾಪಸ್ ಬರುವುದು ಹೇಗೆ ಎಂಬುದನ್ನು ಮಾತ್ರ ನಾವೇ ಮೊದಲು ನೋಡಿಕೊಂಡಿರಬೇಕು.

ಈಗ ಯಾಕೆ ಇಷ್ಟೊಂದು ಜನ ಇದೇ ವಿಷಯ ಕೇಳುತ್ತಿದ್ದಾರೆ ಎಂದರೆ, ವಿಂಡೋಸ್ 10ರ ಕಾಲ ಮುಗಿಯಿತು. 2015ರ ಜುಲೈ 29ಕ್ಕೆ ಬಂದದ್ದು, 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ನಿಂತಿತು. ನಿಂತಿತು ಅಂದರೆ ಕಂಪ್ಯೂಟರ್ ನಿಲ್ಲುವುದಿಲ್ಲ. ಮರುದಿನವೂ ಎಂದಿನಂತೆ ಆನ್ ಆಗುತ್ತದೆ. ಹೊಸದಾಗಿ ಸಿಗುವ ಭದ್ರತೆಯ ತೂತುಗಳಿಗೆ ತೇಪೆ ಬರುವುದಿಲ್ಲ, ಅಷ್ಟೇ. ಆ ಅಷ್ಟೇ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ ಇನ್ನೂ ಒಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿತು. ನೋಂದಣಿ ತಾನಾಗಿ ಆಗುವುದಿಲ್ಲ, ನಾವೇ ಮಾಡಬೇಕು. ಇವತ್ತು ರಾತ್ರಿಯೇ ಮಾಡಿ ಮುಗಿಸುತ್ತೇನೆ ಎಂದು ಹೊರಡುವವರಿಗಾಗಿ ಇದನ್ನು ಹೇಳಿದೆ. ಗಾಬರಿಯಲ್ಲಿ ಮಾಡುವ ಕೆಲಸ ಇದಲ್ಲ.

ಮ್ಯಾಕ್‌ನವರಿಗೂ ಇಂಥದೇ ತಿರುವು. ಇಂಟೆಲ್ ಪ್ರೊಸೆಸರ್ ಇರುವ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್ 26 ಟಾಹೋನೇ ಕೊನೆಯ ದೊಡ್ಡ ಆವೃತ್ತಿ ಎಂದು ಆಪಲ್ ಹೇಳಿದೆ. ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಬಳಸುವವರಿಗೆ ಇದು ಅಭ್ಯಾಸವಾಗಿ ಹೋಗಿದೆ, ಬಿಡಿ. ಲಿನಕ್ಸ್‌ನಲ್ಲೇ ಒಂದು ಬಗೆಯಾದ ಉಬುಂಟುವಿನ ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ, ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ. ಆದರೆ ಹಳೆಯ ಎಲ್‌ಟಿಎಸ್‌ನಲ್ಲಿ ಇರುವವರಿಗೆ ಅದು ತಕ್ಷಣ "ಬನ್ನಿ" ಅನ್ನುವುದಿಲ್ಲ. ಮೊದಲ ತಿದ್ದುಪಡಿ, ಅಂದರೆ ಹೆಸರಿನ ಕೊನೆಗೆ ಚುಕ್ಕಿ ಒಂದು ಇರುವ ಆವೃತ್ತಿ, ಬಂದ ಮೇಲೆಯೇ ಕರೆಯುತ್ತದೆ. ಇದು ನನಗೆ ಬಹಳ ಹಿಡಿಸಿದ ಪದ್ಧತಿ. ಬಿಡುಗಡೆಯಾದ ಮೊದಲ ವಾರ ದೊಡ್ಡ ಅಪ್‌ಗ್ರೇಡ್ ಹಾಕಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ.

ಅದಕ್ಕೊಂದು ಘಟನೆ ಹೇಳುತ್ತೇನೆ. 2018ರ ಅಕ್ಟೋಬರ್ ಆರಂಭದಲ್ಲಿ ವಿಂಡೋಸ್ 10ರ 1809 ಎಂಬ ಆವೃತ್ತಿ ಬಂತು. ಹಾಕಿಕೊಂಡ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್ ಖಾಲಿ! ಏನಾಗಿತ್ತು ಗೊತ್ತಾ? ಕೆಲವರು ಡಾಕ್ಯುಮೆಂಟ್ಸ್ ಫೋಲ್ಡರನ್ನು ಸಿ ಡ್ರೈವ್‌ನಿಂದ ಬೇರೆ ಡ್ರೈವ್‌ಗೆ ಬದಲಾಯಿಸಿಕೊಂಡಿರುತ್ತಾರೆ. ಜಾಗ ಉಳಿಸಲು ಎಷ್ಟೋ ಜನ ಮಾಡುವ ಕೆಲಸವೇ. ಆದರೆ ಹಳೇ ಜಾಗದಲ್ಲೂ ಒಂದಷ್ಟು ಫೈಲ್ ಉಳಿದಿದ್ದರೆ, ಅದು ಯಾರೂ ಬಳಸದ ನಕಲಿ ಫೋಲ್ಡರ್ ಎಂದು ಬಗೆದು ಅಪ್‌ಡೇಟ್ ಅದನ್ನು ಅಳಿಸಿಬಿಡುತ್ತಿತ್ತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಹಂಚಿಕೆ ನಿಲ್ಲಿಸಿತು. ಸರಿಪಡಿಸಿ ಮತ್ತೆ ಬಿಟ್ಟದ್ದು ನವೆಂಬರ್‌ನಲ್ಲಿ. ಫೈಲ್ ಕಳೆದುಕೊಂಡವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಬೇಗ ಹಾಕಿಕೊಂಡರು, ಬ್ಯಾಕಪ್ ಇರಲಿಲ್ಲ.

ಸರಿ, ಬ್ಯಾಕಪ್ ವಿಷಯಕ್ಕೆ ಬರೋಣ.

ಮೂರು-ಎರಡು-ಒಂದು ಎಂಬ ಹಳೇ ಲೆಕ್ಕ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯಿಂದಾಚೆ. ಮನೆ ಮಟ್ಟಿಗೆ ಇದರ ಅರ್ಥ: ಕಂಪ್ಯೂಟರ್‌ನಲ್ಲಿ ಇರುವುದೊಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲೊಂದು, ಕ್ಲೌಡ್‌ನಲ್ಲೊಂದು. ಎಲ್ಲವಕ್ಕೂ ಮೂರು ಪ್ರತಿ ಬೇಕಿಲ್ಲ. ಮತ್ತೆ ಡೌನ್‌ಲೋಡ್ ಮಾಡಬಹುದಾದ ಸಿನಿಮಾಗೆ ಒಂದು ಪ್ರತಿಯೂ ಬೇಡ. ಇನ್ನೆಲ್ಲೂ ಸಿಗದ್ದಕ್ಕೆ ಮೂರು ಬೇಕು.

ಇಲ್ಲಿ ಕ್ಲೌಡ್ ಎಂದ ಕೂಡಲೇ ಕೆಲವರ ಮುಖ ಅರಳಿತು. "ನಮ್ಮದೆಲ್ಲಾ ಒನ್‌ಡ್ರೈವ್‌ನಲ್ಲಿ ಇದೆ, ಬ್ಯಾಕಪ್ ಇದ್ದ ಹಾಗೇ" ಎಂದು. ಸ್ವಲ್ಪ ತಡೆಯಿರಿ. ಒನ್‌ಡ್ರೈವ್, ಅಂದರೆ ಮೈಕ್ರೋಸಾಫ್ಟ್‌ನ ಕ್ಲೌಡ್, ಮಾಡುವುದು ಸಿಂಕ್. ಸಿಂಕ್ ಕನ್ನಡಿ ಇದ್ದ ಹಾಗೆ. ನೀವು ನಕ್ಕರೆ ನಗುತ್ತದೆ, ನೀವು ಅಳಿಸಿದರೆ ಅದೂ ಅಳಿಸುತ್ತದೆ. ಕಂಪ್ಯೂಟರ್‌ನಲ್ಲಿ ಒಂದು ಫೋಲ್ಡರ್ ಡಿಲೀಟ್ ಮಾಡಿದರೆ ಮೋಡದ ಮೇಲಿನದೂ ಹೋಗುತ್ತದೆ. ಸ್ವಲ್ಪ ದಿನ ಅದರ ರೀಸೈಕಲ್ ಬಿನ್‌ನಲ್ಲಿ ಇರುತ್ತದೆ, ನಿಜ. ಅಷ್ಟರೊಳಗೆ ನಿಮಗೆ ಗೊತ್ತಾಗಬೇಕಲ್ಲ. ಇನ್ನೊಂದು ವಿಷಯ: ಫೈಲ್ ಹೆಸರಿನ ಪಕ್ಕ ನೀಲಿ ಮೋಡದ ಚಿತ್ರ ಇದ್ದರೆ ಆ ಫೈಲ್ ನಿಮ್ಮ ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ, ಮೇಲೆ ಮಾತ್ರ ಇದೆ. ಇಂಟರ್ನೆಟ್ ಇಲ್ಲದಾಗ ಅದನ್ನು ಕಾಪಿ ಮಾಡಲು ಹೋದರೆ ಎರರ್ ಬರುತ್ತದೆ. ಬಾಣದ ಗುರುತಿನ ತಮ್ಮ ಇದು.

ಹಾಗಾದರೆ ಏನೇನು ಕಾಪಿ ಮಾಡಬೇಕು? ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಎಲ್ಲರಿಗೂ ಗೊತ್ತು. ಅಲ್ಲಿ ಇಲ್ಲದ್ದೇ ಕಾಡುವುದು.

ಮೇಲ್‌ನಿಂದ ಶುರು ಮಾಡೋಣ. ಬ್ರೌಸರ್‌ನಲ್ಲೇ ಮೇಲ್ ನೋಡುವವರಿಗೆ ತೊಂದರೆ ಇಲ್ಲ. ಥಂಡರ್‌ಬರ್ಡ್ ಎಂಬ ಮೇಲ್ ಸಾಫ್ಟ್‌ವೇರ್ ಬಳಸುವವರ ಮೇಲ್, ವಿಳಾಸ ಪುಸ್ತಕ ಎಲ್ಲಾ ಪ್ರೊಫೈಲ್ ಎಂಬ ಒಂದು ಫೋಲ್ಡರ್ ಒಳಗಿರುತ್ತದೆ. ಆ ಫೋಲ್ಡರ್ ಆಪ್‌ಡೇಟಾ ಒಳಗಿದೆ. ಆಪ್‌ಡೇಟಾ ಕಣ್ಣಿಗೆ ಬೀಳದ, ಮರೆಮಾಡಿದ ಫೋಲ್ಡರ್. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಎಂಬುದಕ್ಕೆ ಟಿಕ್ ಹಾಕಿದರೆ ಮಾತ್ರ ತೋರುತ್ತದೆ. ಹಳೆಯ ಔಟ್‌ಲುಕ್ ಬಳಸುತ್ತಿದ್ದವರಿಗೆ ಪಿಎಸ್‌ಟಿ ಎಂಬ ಕೊನೆಯಿರುವ ಒಂದೇ ದೊಡ್ಡ ಫೈಲ್ ಇರುತ್ತದೆ. ಹತ್ತು ವರ್ಷದ ಮೇಲ್ ಎಲ್ಲಾ ಆ ಒಂದು ಫೈಲ್ ಒಳಗೆ.

ಆಮೇಲೆ ಲೆಕ್ಕ ಬರೆಯುವ ಸಾಫ್ಟ್‌ವೇರ್‌ಗಳು. ಇವುಗಳಲ್ಲಿ ಕೆಲವು ತಮ್ಮ ಡೇಟಾವನ್ನು ನೇರವಾಗಿ ಸಿ ಡ್ರೈವ್‌ನಲ್ಲಿ ತಮ್ಮದೇ ಫೋಲ್ಡರ್ ಮಾಡಿಕೊಂಡು ಇಟ್ಟುಕೊಳ್ಳುತ್ತವೆ. ಆದ್ದರಿಂದ ಸಿ ಡ್ರೈವ್ ತೆರೆದು, ಅಲ್ಲಿ ಕಾಣುವ ಒಂದೊಂದು ಫೋಲ್ಡರ್ ಹೆಸರನ್ನೂ ಓದಿ. ಹದಿನೈದು ನಿಮಿಷದ ಕೆಲಸ. ನಾನು ಹೀಗೆ ನೋಡುವಾಗ ನನ್ನದೇ ಕಂಪ್ಯೂಟರ್‌ನಲ್ಲಿ "ಟೆಂಪ್2" ಎಂಬ ಫೋಲ್ಡರ್ ಸಿಕ್ಕಿತು. ಒಳಗೆ ಹಳೇ ಟೇಪಿನಿಂದ ಇಳಿಸಿದ ಅಜ್ಜಿಯ ದನಿ. ಅಲ್ಲಿ ಯಾಕೆ ಇಟ್ಟಿದ್ದೆನೋ ದೇವರೇ ಬಲ್ಲ.

ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಮತ್ತು ಬುಕ್‌ಮಾರ್ಕ್, ಕೈಯಾರೆ ಹಾಕಿಕೊಂಡ ಫಾಂಟ್, ಸ್ಟಿಕಿ ನೋಟ್ಸ್‌ನ ಹಳದಿ ಚೀಟಿ, ಮಕ್ಕಳ ಗೇಮಿನ ಉಳಿತಾಯ. ಇವನ್ನೂ ನೋಡಿ. ಗೇಮ್ ಹೋದರೆ ಮನೆಯಲ್ಲಿ ಏಳುವ ಗಲಾಟೆ ಲೆಕ್ಕಪತ್ರ ಹೋದಾಗಲೂ ಏಳುವುದಿಲ್ಲ.

ಕಾಪಿ ಮಾಡುವ ಡಿಸ್ಕ್ ಬಗ್ಗೆ ಒಂದು ಮಾತು. ಹಳೇ ಪೆನ್ ಡ್ರೈವ್‌ಗಳು ಹೆಚ್ಚಾಗಿ ಫ್ಯಾಟ್32 ಮಾದರಿಯಲ್ಲಿ ಇರುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಡ್ರೈವ್‌ನಲ್ಲಿ 50 ಜಿಬಿ ಖಾಲಿ ಇದ್ದರೂ "ಫೈಲ್ ತುಂಬಾ ದೊಡ್ಡದು" ಅನ್ನುತ್ತದೆ. ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಅದರೊಳಗೆ ಈಗ ಇರುವುದೆಲ್ಲಾ ಹೋಗುತ್ತದೆ ಎಂದು ಹೇಳಬೇಕಿಲ್ಲ ಅಂದುಕೊಂಡಿದ್ದೇನೆ. ಆದರೂ ಹೇಳಿದೆ.

ಇಷ್ಟೆಲ್ಲಾ ಆದ ಮೇಲೆ, ನಾನು ಅಕ್ಕನ ಮನೆಯಲ್ಲಿ ಮಾಡದೇ ಬಿಟ್ಟ ಕೆಲಸ. ಬ್ಯಾಕಪ್ ಡಿಸ್ಕನ್ನು ಕಿತ್ತು ಬೇರೊಂದು ಕಂಪ್ಯೂಟರ್‌ಗೆ ಹಾಕಿ. ಅದೇ ಕಂಪ್ಯೂಟರ್‌ನಲ್ಲಿ ನೋಡಿದರೆ ಉಪಯೋಗವಿಲ್ಲ. ಶಾರ್ಟ್‌ಕಟ್ ಅಲ್ಲಿ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ, ಮೂಲ ಫೈಲ್ ಇನ್ನೂ ಅಲ್ಲೇ ಇರುತ್ತದಲ್ಲ! ಬೇರೆ ಕಂಪ್ಯೂಟರ್‌ನಲ್ಲಿ ಒಂದು ಫೋಟೋ, ಒಂದು ವಿಡಿಯೋ, ಒಂದು ಕಾಗದ, ಅತಿ ಹಳೆಯದೊಂದು, ನಿನ್ನೆಯದೊಂದು ತೆರೆಯಿರಿ. ಒಟ್ಟು ಗಾತ್ರ ಎರಡೂ ಕಡೆ ಹತ್ತಿರ ಹತ್ತಿರ ಇದೆಯಾ ನೋಡಿ. ಸರಿಯಿದ್ದರೆ ಡಿಸ್ಕನ್ನು ಬೀರುವಿನಲ್ಲಿ ಇಡಿ. ಅಪ್‌ಗ್ರೇಡ್ ಮುಗಿಯುವ ತನಕ ಕಂಪ್ಯೂಟರ್‌ಗೆ ಅದು ಅಂಟಿಕೊಂಡಿರಬಾರದು. ಇನ್‌ಸ್ಟಾಲ್ ಮಾಡುವಾಗ "ಯಾವ ಡಿಸ್ಕ್?" ಎಂಬ ಪಟ್ಟಿ ಬಂದಾಗ ತಪ್ಪಿ ಅದನ್ನೇ ಆರಿಸಿದವರನ್ನು ನೋಡಿದ್ದೇನೆ.

ಈಗ ಬೀಗದ ಕೈ.

ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಪೂರ್ತಿ ಗೂಢಲಿಪಿಯಲ್ಲಿ ಇರುತ್ತದೆ. ವಿಂಡೋಸ್‌ನಲ್ಲಿ ಇದು ಬಿಟ್‌ಲಾಕರ್. ಹೋಮ್ ಆವೃತ್ತಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಿನಲ್ಲಿ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಲಾಗಿನ್ ಆದಾಗ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ತಾನಾಗಿಯೇ ಶುರುವಾಗಿರುತ್ತದೆ, ನಿಮಗೆ ಗೊತ್ತೇ ಇರುವುದಿಲ್ಲ. ದಿನನಿತ್ಯ ತೊಂದರೆ ಇಲ್ಲ. ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲೇ ಓಡುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಲ್ಲಿ, ಏನಾದರೂ ಬದಲಾಯಿಸಿದರೆ, ಅಥವಾ ಅಪ್‌ಗ್ರೇಡ್ ನಡುವೆ ಅದಕ್ಕೆ ಅನುಮಾನ ಬಂದರೆ, ನೀಲಿ ಪರದೆ ಬಂದು ರಿಕವರಿ ಕೀ ಕೇಳುತ್ತದೆ. 48 ಅಂಕಿ. ಆರಾರರಂತೆ ಎಂಟು ಗುಂಪು. ಅದಿಲ್ಲದಿದ್ದರೆ ನಿಮ್ಮ ಫೈಲ್ ನಿಮಗೂ ಸಿಗುವುದಿಲ್ಲ, ರಿಪೇರಿ ಮಾಡುವವರಿಗೂ ಸಿಗುವುದಿಲ್ಲ.

ಬಹಳಷ್ಟು ಸಲ ಈ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಫೋನಿನಿಂದ ಖಾತೆಗೆ ಲಾಗಿನ್ ಆಗಿ, ನಿಮ್ಮ ಕಂಪ್ಯೂಟರ್ ಹೆಸರಿನ ಕೆಳಗೆ ಹುಡುಕಿ. ಸಿಕ್ಕಿದರೆ ಕಾಗದದಲ್ಲಿ ಬರೆದುಕೊಳ್ಳಿ. ಪೆನ್ನು, ಕಾಗದ. ನನ್ನ ಸ್ನೇಹಿತನೊಬ್ಬ ಬಹಳ ಶಿಸ್ತಿನವನು. ಕೀಯನ್ನು ಟೆಕ್ಸ್ಟ್ ಫೈಲ್‌ನಲ್ಲಿ ಉಳಿಸಿದ್ದ. ಆ ಫೈಲ್ ಇದ್ದದ್ದು ಅದೇ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಮೇಲೆ. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಇದ್ದರೆ ಅದಕ್ಕೂ ಇಂಥದೇ ರಿಕವರಿ ಕೀ ಇರುತ್ತದೆ. ಲಿನಕ್ಸ್‌ನಲ್ಲಿ ಡಿಸ್ಕ್ ಪಾಸ್‌ಫ್ರೇಸ್ ನೀವೇ ಕೊಟ್ಟದ್ದು, ನೆನಪಿರಬೇಕು ಅಷ್ಟೇ.

ಇಲ್ಲಿ ಇನ್ನೊಂದು ಸಣ್ಣ ಬಲೆ ಇದೆ. ಆರು ವರ್ಷದಿಂದ ದಿನಾ ನಾಲ್ಕಂಕಿಯ ಪಿನ್ ಒತ್ತಿ ಒಳಗೆ ಹೋಗುತ್ತಿದ್ದೀರಿ. ಖಾತೆಯ ನಿಜವಾದ ಪಾಸ್‌ವರ್ಡ್ ಏನು? ಪಿನ್ ಆ ಒಂದು ಕಂಪ್ಯೂಟರ್‌ಗೆ ಮಾತ್ರ. ಹೊಸ ವಿಂಡೋಸ್ "ಪಾಸ್‌ವರ್ಡ್ ಹೇಳಿ" ಅಂದರೆ ಏನು ಮಾಡುತ್ತೀರಿ? ಸುಮ್ನೆ ಒಮ್ಮೆ ಬೇರೆ ಕಡೆಯಿಂದ ಲಾಗಿನ್ ಆಗಿ ನೋಡಿ. ಪಾಸ್‌ವರ್ಡ್ ಬದಲಾಯಿಸಲು ಒಟಿಪಿ ಯಾವ ನಂಬರ್‌ಗೆ ಬರುತ್ತದೆ, ಆ ಸಿಮ್ ಇನ್ನೂ ಇದೆಯಾ, ಅದನ್ನೂ ನೋಡಿ.

ಯಂತ್ರ ಹೊಸ ಸಿಸ್ಟಂಗೆ ಒಗ್ಗುತ್ತದಾ ಎಂಬುದು ಮುಂದಿನ ಮಾತು. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಪುಟ್ಟ ಸಾಫ್ಟ್‌ವೇರ್ ಎಲ್ಲಾ ನೋಡಿ ಹೇಳುತ್ತದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್‌ನಿಂದ ಮಾತ್ರ ಕಂಪ್ಯೂಟರ್ ಏಳುವಂತೆ ಕಾಯುವ ಏರ್ಪಾಡು), ಟಿಪಿಎಂ 2.0 (ಗುಟ್ಟಿನ ಕೀಗಳನ್ನು ಕಾಪಾಡುವ ಭದ್ರತಾ ಏರ್ಪಾಡು) ಬೇಕು. 4 ಜಿಬಿ ಎಂಬುದು ಕಾಗದದ ಮೇಲಿನ ಮಾತು. ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ 8 ಜಿಬಿಯೇ ಏದುಸಿರು ಬಿಡುತ್ತದೆ.

ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಈಚಿನದು ಇರಬೇಕು. ಇದರಲ್ಲಿ ಜನ ಎಡವುತ್ತಾರೆ. "ನಂದು ಐ7, ಅಂದ್ರೆ 7ನೇ ತಲೆಮಾರು" ಅನ್ನುತ್ತಾರೆ. ಅಲ್ಲ. ಐ5-8250ಯು ಎಂದು ಇದ್ದರೆ ಅಡ್ಡಗೆರೆಯ ನಂತರದ 8 ತಲೆಮಾರು. ಐ7-6500ಯು ಆದರೆ ಅದು 6ನೇದು. ಹೆಸರು ದೊಡ್ಡದು, ವಯಸ್ಸು ಜಾಸ್ತಿ.

ಟಿಪಿಎಂ ಇಲ್ಲ ಎಂದು ತೋರಿಸಿದರೆ ಕೂಡಲೇ ಹೊಸ ಕಂಪ್ಯೂಟರ್ ಕೊಳ್ಳಲು ಹೋಗಬೇಡಿ. ಎಷ್ಟೋ ಸಲ ಅದು ಇರುತ್ತದೆ, ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಹೆಸರು ಬೇರೆ ಇರುತ್ತದೆ ಅಷ್ಟೇ: ಇಂಟೆಲ್ ಬೋರ್ಡ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಬಯಾಸ್‌ಗೆ ಕೈ ಹಾಕುವ ಮೊದಲು ಆ 48 ಅಂಕಿ ಕಾಗದದ ಮೇಲಿರಲಿ.

ಅರ್ಹತೆ ಇಲ್ಲದ ಯಂತ್ರಕ್ಕೂ ತಪಾಸಣೆ ತಪ್ಪಿಸಿ ಹಾಕುವ ಉಪಾಯಗಳಿವೆ. ನಾನೂ ಮಾಡಿದ್ದೇನೆ, ಆಟಕ್ಕೆ ಇಟ್ಟುಕೊಂಡ ಒಂದು ಲ್ಯಾಪ್‌ಟಾಪ್‌ನಲ್ಲಿ. ಇಂಥ ಯಂತ್ರಗಳಿಗೆ ಅಪ್‌ಡೇಟ್ ಬರುತ್ತದೆ ಎಂಬ ಭರವಸೆ ಇಲ್ಲ ಎಂದು ಮೈಕ್ರೋಸಾಫ್ಟ್ ನೇರವಾಗಿ ಹೇಳಿದೆ. ಅಪ್‌ಡೇಟ್ ಸಿಗಲಿ ಎಂದೇ ತಾನೇ ಅಪ್‌ಗ್ರೇಡ್ ಮಾಡುತ್ತಿರುವುದು? ಮನೆಯ ಮುಖ್ಯ ಕಂಪ್ಯೂಟರ್‌ಗೆ ಇದನ್ನು ಮಾಡಬೇಡಿ. ಅದರ ಬದಲು ಆ ಯಂತ್ರಕ್ಕೆ ಲಿನಕ್ಸ್ ಹಾಕುವುದು ಎಷ್ಟೋ ಮೇಲು.

ಡಿಸ್ಕ್‌ನ ಆರೋಗ್ಯವನ್ನು ಯಾರೂ ನೋಡುವುದಿಲ್ಲ. ದೊಡ್ಡ ಅಪ್‌ಗ್ರೇಡ್ ಅಂದರೆ ಗಿಗಾಬೈಟ್‌ಗಟ್ಟಲೆ ಓದುವುದು, ಬರೆಯುವುದು. ಸಾಯಲು ಕಾದಿದ್ದ ಡಿಸ್ಕ್ ಆ ದಿನವೇ ಸಾಯುತ್ತದೆ. ಬೈಗುಳ ಅಪ್‌ಗ್ರೇಡ್‌ಗೆ ಸಿಗುತ್ತದೆ. ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಬರೆದುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಓದಿ ಹೇಳುತ್ತದೆ. ತಿರುಗುವ ಡಿಸ್ಕ್ ಆದರೆ ಕಿವಿಗೊಟ್ಟು ಕೇಳಿ, ಟಿಕ್ ಟಿಕ್ ಎಂದು ಬಡಿಯುತ್ತಿದ್ದರೆ ಅಪ್‌ಗ್ರೇಡ್ ಯೋಚನೆ ಬಿಡಿ, ಫೈಲ್ ಹೊರಗೆ ತೆಗೆಯುವುದು ನೋಡಿ. ಡಿಸ್ಕ್ ತಪಾಸಣೆ ಮಾಡುವ ಸಾಫ್ಟ್‌ವೇರ್‌ಗಳನ್ನು ಓಡಿಸುವುದಿದ್ದರೆ ಬ್ಯಾಕಪ್ ಆದ ಮೇಲೆ ಓಡಿಸಿ. ಮೊದಲೇ ಸುಸ್ತಾದ ಡಿಸ್ಕ್‌ಗೆ ಮೂಲೆ ಮೂಲೆ ತಡಕುವುದೇ ಕೊನೆಯ ಪೆಟ್ಟಾಗಬಹುದು.

ಖಾಲಿ ಜಾಗವೂ ಬೇಕು. 2020ರಲ್ಲಿ ಬಂದ ಮ್ಯಾಕ್‌ಓಎಸ್ ಬಿಗ್ ಸರ್‌ಗೆ ಹಳೇ ಆವೃತ್ತಿಯಿಂದ ಹೋಗಲು 35.5 ಜಿಬಿ ಖಾಲಿ ಇರಬೇಕು ಎಂದು ಆಪಲ್ ಹೇಳಿತ್ತು. ಆದರೆ ಮೊದಮೊದಲು ಅದರ ಇನ್‌ಸ್ಟಾಲರ್ ಜಾಗವನ್ನು ಸರಿಯಾಗಿ ಅಳೆಯದೆ ಕೆಲಸ ಶುರು ಮಾಡಿಬಿಡುತ್ತಿತ್ತು. ಅರ್ಧ ದಾರಿಯಲ್ಲಿ ಜಾಗ ಸಾಲದೆ ಕೆಲವು ಮ್ಯಾಕ್‌ಗಳು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂದು ನಿಂತವು. ಆಮೇಲೆ ಸರಿಪಡಿಸಿದರು. ಆದ್ದರಿಂದ ಇನ್‌ಸ್ಟಾಲರ್ ಕೇಳುವುದಕ್ಕಿಂತ ಜಾಸ್ತಿಯೇ ಖಾಲಿ ಇಡಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂದು ಹೋಗಿ ಗುಡಿಸಬಹುದು. ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬುದೂ ಇರುತ್ತದೆ. ಅದಕ್ಕೆ ಟಿಕ್ ಹಾಕುವ ಮೊದಲು ನಿಮ್ಮ ಡೌನ್‌ಲೋಡ್ಸ್ ಒಳಗೆ ಏನಿದೆ ಎಂದು ನೆನಪು ಮಾಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅದೇ ಮುಖ್ಯ ಕಪಾಟು.

ಇನ್ನು ಆ ದಿನ. ಬೆಳಿಗ್ಗೆ ಶುರು ಮಾಡಿ, ರಾತ್ರಿ ಹತ್ತಕ್ಕಲ್ಲ. ಮರುದಿನ ಪರೀಕ್ಷೆ, ಪ್ರಯಾಣ, ತೆರಿಗೆ ಕಟ್ಟುವ ಕೊನೇ ದಿನ ಇದ್ದರೆ ಬೇಡವೇ ಬೇಡ. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿ ಇರಲಿ. ಪ್ರಿಂಟರ್, ಸ್ಕ್ಯಾನರ್, ಕಾರ್ಡ್ ರೀಡರ್, ಎಲ್ಲಾ ಕಿತ್ತಿಡಿ. ಕೀಬೋರ್ಡ್, ಮೌಸ್, ಪರದೆ ಸಾಕು. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ತೆಗೆದುಹಾಕಿ, ಆಮೇಲೆ ಹಾಕಿಕೊಂಡರಾಯಿತು. ವೈಫೈ ಡ್ರೈವರನ್ನು, ಅಂದರೆ ವೈಫೈ ಸಾಧನವನ್ನು ನಡೆಸುವ ಪುಟ್ಟ ಸಾಫ್ಟ್‌ವೇರನ್ನು, ಮೊದಲೇ ಇಳಿಸಿ ಪೆನ್ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಹೊಸ ಸಿಸ್ಟಂ ವೈಫೈ ಗುರುತಿಸದಿದ್ದರೆ ಡ್ರೈವರ್ ಡೌನ್‌ಲೋಡ್ ಮಾಡಲು ವೈಫೈ ಬೇಕು, ವೈಫೈಗೆ ಡ್ರೈವರ್ ಬೇಕು!

ಗುಂಡಿ ಒತ್ತಿದ ಮೇಲೆ ಒಳಗೆ ಏನಾಗುತ್ತದೆ ಎಂದು ಗೊತ್ತಿದ್ದರೆ ಭಯ ಕಡಿಮೆ. ವಿಂಡೋಸ್ ಹಳೆಯದರ ಮೇಲೆ ಹೊಸದನ್ನು ಬರೆಯುವುದಿಲ್ಲ. ಮೊದಲ ಹಂತ ನೀವು ನೋಡುತ್ತಿರುವಾಗಲೇ, ಹಳೇ ವಿಂಡೋಸ್ ಒಳಗೆ ನಡೆಯುತ್ತದೆ: ಫೈಲ್ ಇಳಿಸುವುದು, ಪರೀಕ್ಷಿಸುವುದು. ಆಮೇಲೆ ರೀಸ್ಟಾರ್ಟ್ ಆಗಿ ಒಂದು ಚಿಕ್ಕ ತಾತ್ಕಾಲಿಕ ಸಿಸ್ಟಂ ಏಳುತ್ತದೆ. ಅದು ಹೊಸದನ್ನು ಹರಡಿ, ಹಳೆಯದನ್ನು ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರ್‌ಗೆ ಸರಿಸುತ್ತದೆ. ಮತ್ತೆರಡು ಸಲ ಎದ್ದು ಡ್ರೈವರ್, ಸೆಟ್ಟಿಂಗ್‌ಗಳನ್ನು ಜೋಡಿಸುತ್ತದೆ. ನಡುವೆ ಎಲ್ಲಾದರೂ ಕೆಟ್ಟರೆ ತಾನೇ ಹಳೆಯದಕ್ಕೆ ವಾಪಸಾಗುತ್ತದೆ. 0ಎಕ್ಸ್‌ಸಿ1900101 ಎಂದು ಶುರುವಾಗುವ ಎರರ್ ಬಂದರೆ ಸಾಮಾನ್ಯವಾಗಿ ಯಾವುದೋ ಡ್ರೈವರ್ ಹೊಂದಿಕೊಳ್ಳಲಿಲ್ಲ ಎಂದರ್ಥ.

ಪರ್ಸೆಂಟೇಜ್ ಒಂದೇ ಕಡೆ ಬಹಳ ಹೊತ್ತು ನಿಲ್ಲುತ್ತದೆ. ನಿಲ್ಲಲಿ. ಆ ಅಂಕಿಗೂ ಗಡಿಯಾರಕ್ಕೂ ಸಂಬಂಧವಿಲ್ಲ. ಪವರ್ ಬಟನ್ ಮುಟ್ಟಬೇಡಿ. ಡಿಸ್ಕ್ ದೀಪ ಮಿಣುಕುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ. ನನಗೆ ಸಿಕ್ಕಿದ ಕೆಟ್ಟುಹೋದ ಅಪ್‌ಗ್ರೇಡ್‌ಗಳಲ್ಲಿ ಹೆಚ್ಚಿನವು ಕೆಟ್ಟದ್ದು ಬೆರಳಿನಿಂದ.

ಮುಗಿದ ಮೇಲೆ ಹತ್ತು ದಿನ ನಿಮ್ಮ ಕೈಯಲ್ಲಿ ಇರುತ್ತದೆ. ಅಷ್ಟರೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿದರೆ ಹಳೇ ವಿಂಡೋಸ್ ಬರುತ್ತದೆ. ಆಮೇಲೆ ವಿಂಡೋಸ್ ಡಾಟ್ ಓಲ್ಡ್ ತಾನಾಗಿ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲ ವಾರವೇ ಪ್ರಿಂಟ್ ತೆಗೆಯಿರಿ, ಸ್ಕ್ಯಾನ್ ಮಾಡಿ, ವಿಡಿಯೋ ಕರೆ ಮಾಡಿ, ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಸಾಫ್ಟ್‌ವೇರನ್ನೂ ತೆರೆಯಿರಿ. ಜಾಗ ಉಳಿಸುವ ಹುಮ್ಮಸ್ಸಿನಲ್ಲಿ ಆ ಫೋಲ್ಡರನ್ನು ನೀವೇ ಅಳಿಸಬೇಡಿ.

ಪ್ರಶ್ನೆಗಳು

"ಇದ್ದದ್ದನ್ನು ಇಟ್ಟುಕೊಂಡೇ ಅಪ್‌ಗ್ರೇಡ್ ಮಾಡುವುದೋ, ಪೂರ್ತಿ ಅಳಿಸಿ ಹೊಸದಾಗಿ ಹಾಕುವುದೋ?" ಎಂದು ಒಬ್ಬರು ಕೇಳಿದರು. ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿದ್ದರೆ ಅಪ್‌ಗ್ರೇಡ್ ಸಾಕು. ಅಳಿಸಿ ಹಾಕಿದರೆ ಚುರುಕಾಗುತ್ತದೆ ಎಂಬುದು ನಿಜವೇ, ಆದರೆ ಅರ್ಧ ಚುರುಕು ಬರುವುದು ಬೇಡದ ಸಾಫ್ಟ್‌ವೇರ್ ಹೋದದ್ದರಿಂದ. ಅದನ್ನು ಅಳಿಸದೆಯೂ ಮಾಡಬಹುದು.

"ಹತ್ತು ದಿನ ಸಾಲದು, ನಾನು ವಾರಕ್ಕೊಮ್ಮೆ ಮಾತ್ರ ಕಂಪ್ಯೂಟರ್ ಮುಟ್ಟುವುದು" ಅಂದವರು ಇನ್ನೊಬ್ಬರು. ಡಿಸ್ಮ್ ಎಂಬ ಕಮಾಂಡ್‌ನಿಂದ ಅದನ್ನು 60 ದಿನದವರೆಗೆ ಹಿಗ್ಗಿಸಬಹುದು. ಹತ್ತು ದಿನ ಮುಗಿಯುವ ಮೊದಲೇ ಮಾಡಬೇಕು.

"ನನ್ನ ಸ್ಕ್ಯಾನರ್ ಬಹಳ ಹಳೆಯದು, ಹೊಸದರಲ್ಲಿ ನಡೆಯುತ್ತಾ?" ತಯಾರಿಸಿದವರ ತಾಣದಲ್ಲಿ 64 ಬಿಟ್ ಡ್ರೈವರ್ ಇದೆಯಾ ನೋಡಿ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಸಿಗದಿದ್ದರೆ ಹಳೇ ಕಂಪ್ಯೂಟರನ್ನು ಇಂಟರ್ನೆಟ್ ಇಲ್ಲದೆ ಸ್ಕ್ಯಾನರ್‌ಗೆಂದೇ ಇಟ್ಟುಕೊಳ್ಳಬಹುದು. ನನ್ನ ಮನೆಯಲ್ಲೂ ಅಂಥದೊಂದು ಇದೆ.

ಎಲ್ಲರೂ ಎದ್ದ ಮೇಲೆ ಹಿರಿಯರೊಬ್ಬರು ತಮ್ಮ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟರು. "ಬಾಣ ಇದೆಯಾ ನೋಡಪ್ಪಾ, ನನಗೆ ಕಣ್ಣು ಸರಿಯಾಗಿ ಕಾಣಲ್ಲ" ಅಂದರು. ಡೆಸ್ಕ್‌ಟಾಪ್ ಮೇಲೆ "ನನ್ನ ಬರಹ" ಎಂಬ ಫೋಲ್ಡರ್. ಮೂಲೆಯಲ್ಲಿ ಬಾಣ. ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಒತ್ತಿದೆ. ನಿಜವಾದ ಫೋಲ್ಡರ್ ಇದ್ದದ್ದು ಡಿ ಡ್ರೈವ್‌ನಲ್ಲಿ, ನ್ಯೂ ಫೋಲ್ಡರ್ 3 ಒಳಗಿನ ನ್ಯೂ ಫೋಲ್ಡರ್‌ನಲ್ಲಿ. 212 ಫೈಲುಗಳು. ಅಲ್ಲೇ ನಿಂತು ಎಲ್ಲವನ್ನೂ ಅವರ ಪೆನ್ ಡ್ರೈವ್‌ಗೆ ಹಾಕಿದೆ. ನನ್ನ ಲ್ಯಾಪ್‌ಟಾಪ್‌ಗೆ ಚುಚ್ಚಿ ಒಂದನ್ನು ತೆರೆದು ತೋರಿಸಿದೆ. ಅವರು ಇನ್ನೊಂದು ತೆರೆಸಿದರು. ಆಮೇಲೆ ಮತ್ತೊಂದು.